ಚಕ್ಕೋತ ಯಾರ ತಾಯಿ?

ಬೇಸಿಗೆಯಲ್ಲಿ ಬೆಂಗಳೂರಿನ ಯಾವ ಜ್ಯೂಸ್ ಅಂಗಡಿಯ ಮುಂದೆ ನಿಂತರೂ ಹೆಚ್ಚಾಗಿ ಕಿವಿಗೆ ಬೀಳುವ ಹೆಸರು ಮೂಸಂಬಿ. ಆ ಹಣ್ಣಿನ ವಂಶವಾಹಿಗಳನ್ನು ಬಿಡಿಸಿ ನೋಡಿದರೆ ಅದರಲ್ಲಿ ಸುಮಾರು ಶೇ 42 ಪಾಲು ಚಕ್ಕೋತದ್ದು. ಮಿಕ್ಕಿದ್ದು ಮ್ಯಾಂಡರಿನ್‌ದು, ಅಂದರೆ ಕೊಡಗಿನ ಕಿತ್ತಳೆಯ ಬಳಗದ್ದು. ಎಲೆಗೆ ಹಸಿರು ಕೊಡುವ ಕ್ಲೋರೋಪ್ಲಾಸ್ಟ್ ಎಂಬ ಕಣಕ್ಕೂ ತನ್ನದೇ ಒಂದು ಪುಟ್ಟ ಡಿಎನ್‌ಎ ಇರುತ್ತದೆ. ನಿಂಬೆಯ ಬಳಗದಲ್ಲಿ ಅದು ತಾಯಿ ಗಿಡದಿಂದ ಮಾತ್ರ ಮುಂದಿನ ತಲೆಮಾರಿಗೆ ದಾಟುತ್ತದೆ, ಪರಾಗದ ಜತೆ ಬರುವುದಿಲ್ಲ. ಮೂಸಂಬಿಯ ಎಲೆಯಲ್ಲಿರುವುದು ಚಕ್ಕೋತದ ಕ್ಲೋರೋಪ್ಲಾಸ್ಟ್. ಮೂಸಂಬಿಗೆ ಚಕ್ಕೋತ ಬರಿಯ ದಾಯಾದಿಯಲ್ಲ, ತಾಯಿ ಕಡೆಯ ಮೂಲ.

ದೇವನಹಳ್ಳಿಯವರಿಗೆ ಈ ಸಂಗತಿ ಬೇರೆಯವರಿಗಿಂತ ಹೆಚ್ಚು ಮುಟ್ಟಬೇಕು. ಟಿಪ್ಪು ಹುಟ್ಟಿದ ಊರು, ವಿಮಾನ ನಿಲ್ದಾಣದ ಊರು ಎಂದು ಹೊರಗಿನವರು ಗುರುತಿಸುವ ಈ ತಾಲ್ಲೂಕಿಗೆ ತೋಟಗಾರಿಕೆಯ ಲೋಕದಲ್ಲಿ ಇರುವ ಹೆಸರು ಚಕ್ಕೋತದಿಂದ ಬಂದದ್ದು. ಕೊಡಗಿನ ಕಿತ್ತಳೆಗೆ ಸಿಕ್ಕಂತೆ ದೇವನಹಳ್ಳಿ ಚಕ್ಕೋತಕ್ಕೂ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದೆ. ಕೆಂಪು ಮಣ್ಣು, ನಂದಿ ಬೆಟ್ಟದ ಕಡೆಯಿಂದ ಬೀಸುವ ತಂಪು ಗಾಳಿ, ಮನೆಯ ಹಿತ್ತಿಲಲ್ಲೋ ಬಾವಿಯ ಪಕ್ಕದಲ್ಲೋ ನಿಂತ ಒಂದೆರಡು ದೊಡ್ಡ ಮರ: ಈ ಹಣ್ಣು ಬೆಳೆದು ಬಂದ ರೀತಿಯೇ ಹೀಗೆ. ದ್ರಾಕ್ಷಿಯಂತೆ ಸಾಲು ಹಿಡಿದು ಎಕರೆಗಟ್ಟಲೆ ಬೆಳೆಸಿದ್ದು ಕಡಿಮೆ. ದಪ್ಪ ಸಿಪ್ಪೆ, ಅದರೊಳಗೆ ಬೆರಳು ಹೂತುಹೋಗುವಷ್ಟು ಮೆತ್ತನೆಯ ಬಿಳಿ ಪದರ, ಅದನ್ನು ಸುಲಿದರೆ ಕೆಂಪು ಛಾಯೆಯ ತೊಳೆ. ತೊಳೆಯ ತೆಳ್ಳನೆಯ ಪೊರೆ ಹರಿದರೆ ರಸದ ಕಾಳುಗಳು ಒಂದಕ್ಕೊಂದು ಅಂಟಿಕೊಳ್ಳದೆ ಉದುರುತ್ತವೆ. ಚಕ್ಕೋತದ ಈ ಕೆಂಪಿಗೆ ಕಾರಣ ಲೈಕೋಪಿನ್, ಟೊಮೆಟೊಗೆ ಬಣ್ಣ ಕೊಡುವ ವಸ್ತುವೇ.

ಈ ಮರಗಳು ಕಡಿಮೆಯಾಗುತ್ತಿವೆ. 2008ರ ಮೇ ತಿಂಗಳಲ್ಲಿ ವಿಮಾನ ನಿಲ್ದಾಣ ತೆರೆದ ಮೇಲೆ ಸುತ್ತಲಿನ ಜಮೀನಿನ ಬೆಲೆ ಏನಾಯಿತೆಂದು ಯಾರಿಗೂ ಹೇಳಬೇಕಿಲ್ಲ. ಬಡಾವಣೆಗೆ ಹೋದ ಜಮೀನಿನಲ್ಲಿ ಹಿತ್ತಿಲ ಮರ ಉಳಿಯುವುದಿಲ್ಲ. ಹಾಗೆ ಒಂದು ಮರ ಬಿದ್ದಾಗ ನಿಜವಾಗಿ ಏನು ಹೋಗುತ್ತದೆ ಎಂಬುದಕ್ಕೆ ನರ್ಸರಿಯವರಿಗಿಂತಲೂ ಖಚಿತವಾದ ಉತ್ತರ ಈಗ ಡಿಎನ್‌ಎ ಓದುವವರ ಬಳಿ ಇದೆ. ಆ ಉತ್ತರ ಅರ್ಥವಾಗಬೇಕಾದರೆ ಈ ಬಳಗದ ವಂಶಾವಳಿಯನ್ನು ಒಮ್ಮೆ ನೋಡಬೇಕು.

ಸಸ್ಯಶಾಸ್ತ್ರದಲ್ಲಿ ಈ ಬಳಗದ ಹೆಸರು ರುಟೇಸಿ. ಸುಮಾರು 160 ಕುಲಗಳು, ಎರಡು ಸಾವಿರದಷ್ಟು ಪ್ರಭೇದಗಳು. ನಮ್ಮ ಮನೆಯಂಗಳದಲ್ಲೇ ಇದರ ಸದಸ್ಯರು ಎಷ್ಟೋ ಇದ್ದಾರೆ. ನಿಂಬೆ, ಕಿತ್ತಳೆ, ಚಕ್ಕೋತ, ಹೇರಳೆ ಇರಲಿ, ಶಿವನ ಪೂಜೆಯ ಬಿಲ್ವ, ರಾಮನವಮಿಯ ಪಾನಕಕ್ಕೆ ಹಾಕುವ ಬೇಲದ ಹಣ್ಣು, ಒಗ್ಗರಣೆಯ ಕರಿಬೇವು, ಕರಾವಳಿ ಮತ್ತು ಮಲೆನಾಡಿನವರು ಅಡುಗೆಗೆ ಬಳಸುವ ಜುಮ್ಮಿನಕಾಯಿ, ಇವೆಲ್ಲ ಒಂದೇ ಕುಟುಂಬ. ನಂಬಿಕೆ ಬರದಿದ್ದರೆ ಇವುಗಳ ಒಂದೊಂದು ಎಲೆ ಕಿತ್ತು ಬಿಸಿಲಿಗೆ ಎದುರಾಗಿ ಹಿಡಿಯಿರಿ. ಎಲೆಯ ತುಂಬ ಸೂಜಿಯಿಂದ ಚುಚ್ಚಿದಂಥ ಬೆಳಕಿನ ಚುಕ್ಕೆಗಳು ಕಾಣುತ್ತವೆ. ಅವು ತೂತುಗಳಲ್ಲ, ಎಣ್ಣೆಯ ಗ್ರಂಥಿಗಳು. ಎಲೆ ಹಿಸುಕಿದಾಗ ಬರುವ ಘಮ ಅವುಗಳದೇ. ಇನ್ನು ಚಕ್ಕೋತದ ಎಲೆಯ ತೊಟ್ಟನ್ನು ನೋಡಿ. ತೊಟ್ಟಿಗೇ ಅಗಲವಾದ ರೆಕ್ಕೆ ಮೂಡಿ ಎಲೆಯ ಕೆಳಗೆ ಇನ್ನೊಂದು ಪುಟ್ಟ ಎಲೆ ಇಟ್ಟಂತಿರುತ್ತದೆ, ಎರಡರ ನಡುವೆ ಸ್ಪಷ್ಟವಾದ ಒಂದು ಕೀಲು. ಒಂದೇ ಎಲೆಯಂತೆ ಕಂಡರೂ ಅದು ಬಿಲ್ವದಂಥ ಸಂಯುಕ್ತ ಪತ್ರದಲ್ಲಿ ಪಕ್ಕದ ಎಲೆಗಳು ಹೋಗಿ ನಡುವಿನದೊಂದೇ ಉಳಿದ ರೂಪ. ಆ ಕೀಲು ಹಳೆಯ ಕತೆಯ ಗುರುತು.

ಇಂಥ ಗುರುತುಗಳನ್ನು ನೆಚ್ಚಿಕೊಂಡೇ ಸಸ್ಯಶಾಸ್ತ್ರಜ್ಞರು ಎರಡು ಶತಮಾನ ಕೆಲಸ ಮಾಡಿದರು. ಕುಟುಂಬ ಯಾವುದು ಎಂಬ ಮಟ್ಟದಲ್ಲಿ ಅದು ಚೆನ್ನಾಗಿಯೇ ನಡೆಯಿತು. ಸಿಟ್ರಸ್ ಕುಲದ ಒಳಗೆ ಬಂದಾಗ ಮಾತ್ರ ಎಲ್ಲರೂ ತಬ್ಬಿಬ್ಬಾದರು. 1753ರಲ್ಲಿ ಲಿನೇಯಸ್ ಚಕ್ಕೋತವನ್ನು ಕಿತ್ತಳೆಯದೇ ಒಂದು ಬಗೆ ಎಂದು ಬರೆದಿಟ್ಟ. ಅಮೆರಿಕದ ವಾಲ್ಟರ್ ಸ್ವಿಂಗಲ್ 1943ರಲ್ಲಿ ಇಡೀ ಕುಲದಲ್ಲಿ 16 ಪ್ರಭೇದಗಳಿವೆ ಎಂದರು. ಜಪಾನಿನ ಟ್ಯೋಜಬುರೊ ತನಾಕಾ ಎಣಿಸುತ್ತ ಹೋಗಿ ಕೊನೆಗೆ 162ಕ್ಕೆ ಮುಟ್ಟಿದರು. ಇಬ್ಬರೂ ಜೀವಮಾನವನ್ನೇ ಈ ಹಣ್ಣುಗಳಿಗೆ ಕೊಟ್ಟ ವಿದ್ವಾಂಸರು, ಇಬ್ಬರೂ ನೋಡಿದ್ದು ಅದೇ ಮರಗಳನ್ನು. ಒಬ್ಬರಿಗೆ 16 ಕಂಡದ್ದು ಇನ್ನೊಬ್ಬರಿಗೆ 162 ಕಂಡಿತೆಂದರೆ ತೊಂದರೆ ಇದ್ದದ್ದು ಅವರ ಕಣ್ಣಿನಲ್ಲಲ್ಲ. ಈ ಬಳಗದ ಮರಗಳು ಪ್ರಭೇದದ ಗಡಿಯನ್ನೇ ಲೆಕ್ಕಿಸದೆ ಪರಸ್ಪರ ಕೂಡುತ್ತವೆ, ಕೂಡಿ ಹುಟ್ಟಿದ ಸಂತಾನವೂ ಬಂಜೆಯಾಗದೆ ಮತ್ತೆ ಇನ್ನೊಂದರ ಜತೆ ಕೂಡುತ್ತದೆ. ಸಾವಿರಾರು ವರ್ಷ ಮನುಷ್ಯ ತನಗೆ ಇಷ್ಟವಾದುದನ್ನು ಆರಿಸಿ, ಹಡಗಿನಲ್ಲಿ ಹೊತ್ತು, ಊರೂರಿಗೆ ಹಂಚಿದ್ದಾನೆ. ನಮ್ಮಲ್ಲೇ ಹೇರಳೆ, ಮಾದಲ, ಗಜನಿಂಬೆ, ಕಂಚಿ ಎಂಬ ಹೆಸರುಗಳು ಒಂದೊಂದು ಸೀಮೆಯಲ್ಲಿ ಒಂದೊಂದು ಹಣ್ಣಿಗೆ ಅಂಟಿಕೊಂಡಿವೆ. ರೂಪ ನೋಡಿ ವಿಂಗಡಿಸಲು ಹೊರಟವರಿಗೆ ಹಿಡಿಯಲು ಗಟ್ಟಿಯಾದ ತುದಿಯೇ ಸಿಗಲಿಲ್ಲ.

1970ರ ದಶಕದಲ್ಲಿ ಅಮೆರಿಕದ ಸ್ಕೋರಾ, ಮತ್ತು ಅವರ ಬೆನ್ನಿಗೇ ಬ್ಯಾರೆಟ್ ಮತ್ತು ರೋಡ್ಸ್, ಧೈರ್ಯದ ಒಂದು ಮಾತು ಹೇಳಿದರು. ನಾವು ತಿನ್ನುವ ಸಿಟ್ರಸ್‌ನಲ್ಲಿ ಮೂಲ ಪ್ರಭೇದಗಳು ಮೂರೇ, ಮಾದಲ (ಸಿಟ್ರಾನ್), ಮ್ಯಾಂಡರಿನ್ ಮತ್ತು ಚಕ್ಕೋತ. ಉಳಿದವೆಲ್ಲ ಬಹುಮಟ್ಟಿಗೆ ಇವುಗಳ ಬೆರಕೆ ಎಂದು. ಎಲೆ, ಹೂವು, ಹಣ್ಣು, ರಾಸಾಯನಿಕಗಳ ಲಕ್ಷಣಗಳನ್ನು ಲೆಕ್ಕ ಹಾಕಿ ಅವರು ಇಲ್ಲಿಗೆ ಬಂದಿದ್ದರು. ಇದು ನಿಜವೇ ಎಂದು ಪರೀಕ್ಷಿಸುವ ಉಪಕರಣ ಆಗಿನ್ನೂ ಇರಲಿಲ್ಲ.

ಆ ಉಪಕರಣ ಡಿಎನ್‌ಎ ಹೋಲಿಕೆ. ಹಳಗನ್ನಡ ಕಾವ್ಯಗಳ ಶುದ್ಧಪಾಠ ಸಿದ್ಧಪಡಿಸಿದ ನಮ್ಮ ವಿದ್ವಾಂಸರು ಮಾಡಿದ್ದೂ ಇದೇ ಬಗೆಯ ಕೆಲಸ. ಒಂದೇ ಕಾವ್ಯದ ಹತ್ತು ತಾಳೆಗರಿ ಪ್ರತಿಗಳನ್ನು ಎದುರಿಗಿಟ್ಟುಕೊಂಡು, ಯಾವ ತಪ್ಪು ಯಾವ ಯಾವ ಪ್ರತಿಯಲ್ಲಿ ಇದೆ ಎಂದು ನೋಡಿದರು. ಒಂದೇ ತಪ್ಪು ನಾಲ್ಕು ಪ್ರತಿಗಳಲ್ಲಿ ಇದ್ದರೆ ಆ ನಾಲ್ಕೂ ಒಂದೇ ಮಾತೃಕೆಯಿಂದ ಇಳಿದು ಬಂದಿರಬೇಕು. ಡಿಎನ್‌ಎಯೂ ತಲೆಮಾರಿನಿಂದ ತಲೆಮಾರಿಗೆ ನಕಲಾಗುವಾಗ ಅಲ್ಲೊಂದು ಇಲ್ಲೊಂದು ಅಕ್ಷರ ಬದಲಾಗುತ್ತದೆ, ಹಾಗೆ ಬದಲಾದದ್ದು ಮುಂದಿನ ನಕಲುಗಳಲ್ಲಿ ಉಳಿಯುತ್ತದೆ. ಹಂಚಿಕೊಂಡ ಬದಲಾವಣೆಗಳನ್ನು ಲೆಕ್ಕ ಹಾಕಿದರೆ ಯಾರು ಯಾರಿಂದ ಕವಲೊಡೆದರು ಎಂಬುದರ ವಂಶವೃಕ್ಷ ಸಿದ್ಧವಾಗುತ್ತದೆ. ಅಣುಮಟ್ಟದ ವಂಶವಿಜ್ಞಾನ ಎಂದರೆ ಇಷ್ಟೆ.

ಪ್ರಯೋಗಾಲಯದಲ್ಲಿ ಕೆಲಸ ಶುರುವಾಗುವುದು ಎಳೆ ಎಲೆಯಿಂದ. ತೋಟದಲ್ಲಿ ಕಿತ್ತ ಎಲೆ ಕೊಳೆಯದಂತೆ ಸಿಲಿಕಾ ಜೆಲ್ ಹರಳುಗಳ ನಡುವೆ ಒಣಗಿಸುತ್ತಾರೆ, ಇಲ್ಲವೇ ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿ ಪುಡಿ ಮಾಡುತ್ತಾರೆ. ಸಿಟಿಎಬಿ ಎಂಬ ಮಾರ್ಜಕ ಬೆರೆಸಿದ ಬಿಸಿ ದ್ರಾವಣದಲ್ಲಿ ಜೀವಕೋಶದ ಪೊರೆಗಳು ಒಡೆಯುತ್ತವೆ. ಬಳಿಕ ಕ್ಲೋರೋಫಾರ್ಮ್ ಹಾಕಿ ತಿರುಗಿಸಿದರೆ ಬೇಡವಾದದ್ದು ಕೆಳಕ್ಕೆ ಇಳಿಯುತ್ತದೆ. ಮೇಲಿನ ತಿಳಿಗೆ ತಣ್ಣಗಿನ ಆಲ್ಕೋಹಾಲ್ ಸುರಿದಾಗ ಬಿಳಿಯ ನೂಲಿನಂಥದ್ದು ತೇಲಿ ಬರುತ್ತದೆ. ಅದೇ ಡಿಎನ್‌ಎ. ಸಿಟ್ರಸ್ ಎಲೆಯ ಎಣ್ಣೆ ಮತ್ತು ಪಾಲಿಫಿನಾಲ್‌ಗಳು ಈ ಹಂತದಲ್ಲಿ ಕಾಟ ಕೊಡುತ್ತವೆ. ಎಚ್ಚರ ತಪ್ಪಿದರೆ ನೂಲು ಕಂದಾಗಿ ಮುಂದಿನ ಕೆಲಸಕ್ಕೆ ಬರುವುದಿಲ್ಲ. ಚೆನ್ನಾಗಿ ಬಂದರೆ ಪಿಸಿಆರ್ ಯಂತ್ರದಲ್ಲಿ ಬೇಕಾದ ಭಾಗವನ್ನಷ್ಟೇ ಕೋಟಿಗಟ್ಟಲೆ ನಕಲು ಮಾಡಿ ಅಕ್ಷರ ಓದಬಹುದು, ಇಲ್ಲವೇ ಒಂಬತ್ತು ಜತೆ ವರ್ಣತಂತುಗಳ ಇಡೀ ಜೀನೋಮನ್ನೇ ಓದಬಹುದು. ಹೀಗೆ ಸಿಕ್ಕ ವಂಶವೃಕ್ಷವನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ದತ್ತಾಂಶವನ್ನು ಸಾವಿರ ಸಲ ಕಲಸಿ ಸಾವಿರ ಮರಗಳನ್ನು ಕಂಪ್ಯೂಟರ್‌ನಿಂದ ಬರೆಸುತ್ತಾರೆ. ಬಹುಪಾಲು ಸಲ ಮತ್ತೆ ಮತ್ತೆ ಮೂಡಿದ ಕವಲಿಗೆ ಮಾತ್ರ ಬೆಲೆ.

ಈ ವಿಧಾನ ನಮ್ಮ ಅಡುಗೆಮನೆಯವರೆಗೂ ಬಂದಿದೆ. ಕರಿಬೇವಿಗೆ ಲಿನೇಯಸ್ ಕೊಟ್ಟಿದ್ದ ಕುಲನಾಮ ಬರ್ಗೆರಾ. 1825ರಲ್ಲಿ ಸ್ಪ್ರೆಂಗೆಲ್ ಅದನ್ನು ಮುರ್ರಾಯ ಕುಲಕ್ಕೆ ಸೇರಿಸಿದರು. ಬೆಂಗಳೂರಿನ ಪಾರ್ಕುಗಳಲ್ಲಿ ಬೇಲಿಯಾಗಿ ಕತ್ತರಿಸಿ ಬೆಳೆಸುವ, ಮಳೆ ಬಿದ್ದ ಮೇಲೆ ಬಿಳಿ ಹೂ ಬಿಟ್ಟು ಘಮ್ಮೆನ್ನುವ ಕಾಮಿನಿಯೂ ಮುರ್ರಾಯವೇ. ಗರಿಯಂತೆ ಜೋಡಿಸಿದ ಎಲೆಗಳು, ಪುಟ್ಟ ಹಣ್ಣು. ಎರಡನ್ನೂ ಅಕ್ಕಪಕ್ಕ ಇಟ್ಟರೆ ಒಡಹುಟ್ಟಿದವು ಎಂದೇ ಅನಿಸುತ್ತದೆ. ಕ್ಲೋರೋಪ್ಲಾಸ್ಟ್ ಡಿಎನ್‌ಎ ಓದಿದ ಅಧ್ಯಯನಗಳು ಬೇರೆಯೇ ಹೇಳಿದವು. ಕಾಮಿನಿ ಕಿತ್ತಳೆ, ನಿಂಬೆಗಳ ಪಂಗಡಕ್ಕೆ ಸೇರಿದ್ದು. ಕರಿಬೇವು ಇನ್ನೊಂದು ಪಂಗಡದಲ್ಲಿ ದೂರ ಉಳಿಯುತ್ತದೆ. ಕಾಮಿನಿಗೆ ಕರಿಬೇವಿಗಿಂತ ಕಿತ್ತಳೆಯೇ ಹತ್ತಿರದ ನೆಂಟ. ಹೀಗಾಗಿ ಕರಿಬೇವು ತನ್ನ ಹಳೆಯ ಹೆಸರಿಗೆ ಮರಳಿದೆ, ಬರ್ಗೆರಾ ಕೊಯಿನಿಗಿ. ಕಿತ್ತಳೆ ತೋಟ ಇರುವವರಿಗೆ ಈ ನೆಂಟಸ್ತನ ಗೊತ್ತಿರಬೇಕು. ಗ್ರೀನಿಂಗ್ ರೋಗ ಹರಡುವ ಸಿಲ್ಲಿಡ್ ಕೀಟ ಕಾಮಿನಿ, ಕರಿಬೇವು ಎರಡರ ಚಿಗುರಿನಲ್ಲೂ ಮೊಟ್ಟೆ ಇಡುತ್ತದೆ.

ಸಿಟ್ರಸ್ ಕುಲದೊಳಗೆ ಬಂದಾಗ ತಾಳೆಗರಿಯ ಕೆಲಸ ಕಠಿಣವಾಗುತ್ತದೆ. ಇಲ್ಲಿ ಲಿಪಿಕಾರ ಎದುರಿಗೆ ಒಂದಲ್ಲ, ಎರಡು ಮಾತೃಕೆ ಇಟ್ಟುಕೊಂಡು ಅದರಿಂದಿಷ್ಟು ಇದರಿಂದಿಷ್ಟು ಬರೆದಿದ್ದಾನೆ. ಕವಲೊಡೆಯುವ ಮರದ ಚಿತ್ರ ಇದಕ್ಕೆ ಸಾಲದು, ಕವಲುಗಳು ಮತ್ತೆ ಕೂಡುವ ಬಲೆಯ ಚಿತ್ರ ಬೇಕು. ಕ್ಲೋರೋಪ್ಲಾಸ್ಟ್ ಒಂದನ್ನೇ ಓದಿದರೆ ತಾಯಿ ಕಡೆಯವರಷ್ಟೇ ಗೊತ್ತಾಗುತ್ತಾರೆ. ಕೋಶಕೇಂದ್ರದ ಡಿಎನ್‌ಎಯನ್ನೂ ಓದಿ, ಎರಡನ್ನೂ ಎದುರುಬದುರು ಇಟ್ಟಾಗ ತಂದೆಯೂ ಸಿಗುತ್ತಾನೆ. 2000ದಲ್ಲಿ ಇಟಲಿಯ ನಿಕೊಲೊಸಿ ಮತ್ತು ಸಂಗಡಿಗರು ಈ ಜೋಡಿ ಓದಿನಿಂದ ಸ್ಕೋರಾ, ಬ್ಯಾರೆಟ್, ರೋಡ್ಸ್ ಹೇಳಿದ್ದಕ್ಕೆ ಬಲವಾದ ಆಧಾರ ಕೊಟ್ಟರು. 2018ರಲ್ಲಿ ಗುಹೊಂಗ್ ಆಲ್ಬರ್ಟ್ ವು, ಮಾನುವೆಲ್ ತಲೋನ್, ಫ್ರೆಡ್ ಗ್ಮಿಟರ್, ಡೇನಿಯಲ್ ರೊಖ್ಸರ್ ಮುಂತಾದವರು 60 ಬಗೆಯ ಸಿಟ್ರಸ್‌ಗಳ ಜೀನೋಮ್ ಹೋಲಿಸಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದಾಗ ಚಿತ್ರ ಬಹುಮಟ್ಟಿಗೆ ತಿಳಿಯಾಯಿತು. ಮೂಲ ಪ್ರಭೇದಗಳು ಹತ್ತು. ಅವುಗಳಲ್ಲಿ ನಮ್ಮ ಊಟದೆಲೆಗೆ ಬಂದಿರುವ ಹಣ್ಣುಗಳ ಹಿಂದಿರುವುದು ಮುಖ್ಯವಾಗಿ ಚಕ್ಕೋತ, ಮ್ಯಾಂಡರಿನ್, ಮಾದಲ ಮತ್ತು ಪಪೇಡಾ ಎಂಬ ಕಾಡು ಹಣ್ಣು.

ಈ ವಂಶಾವಳಿಯಲ್ಲಿ ಚಕ್ಕೋತದ ಸ್ಥಾನ ನೋಡಿ. ಚಕ್ಕೋತ ತಾಯಿ, ಮ್ಯಾಂಡರಿನ್ ತಂದೆ: ಹುಟ್ಟಿದ್ದು ಹುಳಿಕಿತ್ತಳೆ. ಆ ಹುಳಿಕಿತ್ತಳೆ ತಾಯಿ, ಮಾದಲ ತಂದೆ: ಹುಟ್ಟಿದ್ದು ಯುರೋಪಿನವರು ಲೆಮನ್ ಎನ್ನುವ ದಪ್ಪ ಸಿಪ್ಪೆಯ ನಿಂಬೆ. ಚಕ್ಕೋತ ಮತ್ತು ಮ್ಯಾಂಡರಿನ್ ಒಂದಕ್ಕಿಂತ ಹೆಚ್ಚು ಸಲ ಬೆರೆತು ಸಿಹಿಕಿತ್ತಳೆ ಹುಟ್ಟಿತು. ಮೂಸಂಬಿ, ಸಾತಗುಡಿ, ವೇಲೆನ್ಸಿಯಾ ಎಲ್ಲವೂ ಆ ಒಂದೇ ಸಿಹಿಕಿತ್ತಳೆ ಮರದ ಟೊಂಗೆಗಳಲ್ಲಿ ಕಾಲಕಾಲಕ್ಕೆ ಆದ ಚಿಕ್ಕ ಬದಲಾವಣೆಗಳಿಂದ ಬಂದವು. ಸಿಹಿಕಿತ್ತಳೆ ವೆಸ್ಟ್ ಇಂಡೀಸ್‌ನ ಬಾರ್ಬಡೋಸ್ ದ್ವೀಪದಲ್ಲಿ ಮತ್ತೆ ಚಕ್ಕೋತದ ಜತೆ ಕೂಡಿ 18ನೇ ಶತಮಾನದಲ್ಲಿ ಗ್ರೇಪ್‌ಫ್ರೂಟ್ ಆಯಿತು. ಹುಳಿಕಿತ್ತಳೆ, ಸಿಹಿಕಿತ್ತಳೆ, ಲೆಮನ್, ಗ್ರೇಪ್‌ಫ್ರೂಟ್ ನಾಲ್ಕರ ಎಲೆಯಲ್ಲೂ ಇರುವುದು ಚಕ್ಕೋತದ ಕ್ಲೋರೋಪ್ಲಾಸ್ಟ್. ತೋಟಗಾರಿಕೆಯಲ್ಲಿ ‘ಅಪರೂಪದ ಹಣ್ಣು’ಗಳ ಸಾಲಿಗೆ ಸರಿಸಿಬಿಟ್ಟ ಮರವೊಂದು ಜಗತ್ತಿನ ಸಿಟ್ರಸ್ ವ್ಯಾಪಾರದ ಬಹುದೊಡ್ಡ ಭಾಗಕ್ಕೆ ತಾಯಿ. ಚಕ್ಕೋತವನ್ನು ಕಿತ್ತಳೆಯ ಒಂದು ಬಗೆ ಎಂದ ಲಿನೇಯಸ್‌ನ ಮಾತು ಪೂರ್ತಿ ತಲೆಕೆಳಗು. ಕಿತ್ತಳೆಯೇ ಚಕ್ಕೋತದ ಸಂತಾನ.

ನಾವು ದಿನವೂ ಹಿಂಡುವ ನಿಂಬೆಯ ಕತೆ ಬೇರೆ. ವಿಜಯಪುರ ಜಿಲ್ಲೆಯ ಇಂಡಿಯಿಂದ ಲಾರಿಗಟ್ಟಲೆ ಬರುವ ತೆಳು ಸಿಪ್ಪೆಯ ಕಾಗದಿ ನಿಂಬೆಯ ಪ್ರಭೇದದಲ್ಲಿ ಚಕ್ಕೋತದ ಪಾಲಿಲ್ಲ. ಅದು ಮಾದಲಕ್ಕೂ ಫಿಲಿಪ್ಪೀನ್ಸ್ ಕಡೆಯ ಮೈಕ್ರಾಂಥಾ ಎಂಬ ಪಪೇಡಾಕ್ಕೂ ಹುಟ್ಟಿದ ನೇರ ಸಂತಾನ, ಪಪೇಡಾ ತಾಯಿ. ಆಯುಧಪೂಜೆಯ ದಿನ ಗಾಡಿಯ ಚಕ್ರದ ಕೆಳಗಿಡುವ ನಿಂಬೆಹಣ್ಣಿನಲ್ಲಿ ಅರ್ಧ ಪಾಲು ಒಂದು ದ್ವೀಪದ ಕಾಡಿನದು. ನರ್ಸರಿಗಳಲ್ಲಿ ಕಿತ್ತಳೆ ಕಸಿಗೆ ಬೇರುಸಸಿಯಾಗಿ ಬಳಸುವ ರಂಗಪುರ ನಿಂಬೆ ಹೆಸರಿಗಷ್ಟೇ ನಿಂಬೆ. ಡಿಎನ್‌ಎ ಪ್ರಕಾರ ಅದು ಮ್ಯಾಂಡರಿನ್ ಮತ್ತು ಮಾದಲಗಳ ಕೂಸು. ಜಂಬೇರಿಯೂ ಹಾಗೆಯೇ. ಇದು ಬರಿಯ ಹೆಸರಿನ ಪ್ರಶ್ನೆಯಲ್ಲ. ಹುಳಿಕಿತ್ತಳೆಯ ಬೇರಿನ ಮೇಲೆ ಕಸಿ ಕಟ್ಟಿದ ಕೋಟ್ಯಂತರ ಮರಗಳನ್ನು ಟ್ರಿಸ್ಟೆಜಾ ವೈರಸ್ ಬ್ರೆಜಿಲ್ ಮತ್ತಿತರ ಕಡೆ ಸಾಯಿಸಿತು, ರಂಗಪುರದ ಬೇರು ಅದನ್ನು ತಡೆದುಕೊಂಡಿತು. ಕೊಡಗಿನ ಚೆಟ್ಟಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರ ಕೊಡಗಿನ ಕಿತ್ತಳೆಗೆ ರಂಗಪುರದ ಬೇರನ್ನು ಬಳಸುತ್ತ ಬಂದಿದೆ. ಯಾರ ರಕ್ತದಲ್ಲಿ ಯಾವ ಗುಣವಿದೆ ಎಂದು ತಿಳಿದರೆ ಮುಂದಿನ ಬೇರುಸಸಿಯನ್ನು ಕತ್ತಲಲ್ಲಿ ಹುಡುಕಬೇಕಾಗಿಲ್ಲ.

ಈ ಬಳಗ ಮೊದಲು ಎಲ್ಲಿ ಹುಟ್ಟಿತು ಎಂಬ ಪ್ರಶ್ನೆಗೆ ಉತ್ತರ ಇನ್ನೂ ಬದಲಾಗುತ್ತಿದೆ, ವಿಜ್ಞಾನ ಆರೋಗ್ಯವಾಗಿದೆ ಎನ್ನುವುದಕ್ಕೆ ಅದೇ ಲಕ್ಷಣ. 2018ರ ಅಧ್ಯಯನ ಅಸ್ಸಾಂ, ಉತ್ತರ ಮ್ಯಾನ್ಮಾರ್, ಪಶ್ಚಿಮ ಯುನ್ನಾನ್‌ಗಳ ಹಿಮಾಲಯದ ತಪ್ಪಲನ್ನು ತೋರಿಸಿ, ಸುಮಾರು 60ರಿಂದ 80 ಲಕ್ಷ ವರ್ಷಗಳ ಹಿಂದೆ ಮುಂಗಾರು ದುರ್ಬಲವಾದಾಗ ಸಿಟ್ರಸ್ ಅಲ್ಲಿಂದ ಹರಡಿ ಕವಲೊಡೆಯಿತು ಎಂದಿತು. 2023ರಲ್ಲಿ ಚೀನಾದ ವುಹಾನ್‌ನ ಹುವಾಝೊಂಗ್ ಕೃಷಿ ವಿಶ್ವವಿದ್ಯಾಲಯದ ತಂಡ ಹೆಚ್ಚು ಮಾದರಿಗಳನ್ನು ಹೋಲಿಸಿ, ಸಿಟ್ರಸ್ ಕುಲ ರೂಪುಗೊಂಡದ್ದು ದಕ್ಷಿಣ-ಮಧ್ಯ ಚೀನಾದಲ್ಲಿ, ಆದರೆ ಅದರ ಪೂರ್ವಜರ ಉಪಕುಟುಂಬ ಭಾರತದ ಭೂಖಂಡ ಏಷ್ಯಾಕ್ಕೆ ಸೇರಿಕೊಂಡಾಗ ಇಲ್ಲಿಂದಲೇ ಆ ಕಡೆಗೆ ಹೋದದ್ದು ಎಂಬ ವಾದ ಮುಂದಿಟ್ಟಿತು. ನಮ್ಮ ಬಿಲ್ವ, ಬೇಲಗಳೂ ಅದೇ ಉಪಕುಟುಂಬದವು. ಮೇಘಾಲಯದ ಗಾರೋ ಬೆಟ್ಟಗಳ ನೊಕ್ರೆಕ್‌ನಲ್ಲಿ ಕಾಡು ಕಿತ್ತಳೆಗೆಂದೇ ಕಾಯ್ದಿಟ್ಟ ಅರಣ್ಯವಿದೆ.

ಚಕ್ಕೋತದ ಮರ ಬಿದ್ದಾಗ ಏನು ಹೋಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಅದರ ಬೀಜದಲ್ಲಿದೆ. ಒಂದು ಕುಂಡದಲ್ಲಿ ಕಾಗದಿ ನಿಂಬೆಯ ಬೀಜ, ಇನ್ನೊಂದರಲ್ಲಿ ಚಕ್ಕೋತದ ಬೀಜ ಬಿತ್ತಿ ನೋಡಿ. ನಿಂಬೆಯ ಒಂದೇ ಬೀಜದಿಂದ ಎಷ್ಟೋ ಸಲ ಎರಡು ಮೂರು ಮೊಳಕೆ ಏಳುತ್ತವೆ. ಅವುಗಳಲ್ಲಿ ಹೆಚ್ಚಿನವು ಪರಾಗಸ್ಪರ್ಶದ ಫಲವಲ್ಲ, ತಾಯಿಯ ಅಂಗಾಂಶದಿಂದಲೇ ನೇರ ಮೂಡಿದ ಭ್ರೂಣಗಳು. ತಾಯಿ ಮರದ ತದ್ರೂಪು. ಹಾಗಾಗಿ ನಿಂಬೆಯನ್ನು ಬೀಜದಿಂದ ಬೆಳೆಸಿದರೂ ಗುಣ ಕೆಡುವುದಿಲ್ಲ. ಚಕ್ಕೋತದ ದಪ್ಪ, ಚಪ್ಪಟೆ ಬೀಜದಲ್ಲಿ ಬಿಳಿ ಬೇಳೆಯ ಒಂದೇ ಭ್ರೂಣ ಇರುತ್ತದೆ, ಅದು ತಂದೆ ತಾಯಿ ಇಬ್ಬರದೂ. ನಿಂಬೆಯಂಥವುಗಳಲ್ಲಿ ಈ ತದ್ರೂಪು ಗುಣ ಎಲ್ಲಿಂದ ಬಂತು ಎಂಬುದನ್ನು ವುಹಾನ್‌ನ ಅದೇ ವಿಶ್ವವಿದ್ಯಾಲಯದವರು 2017ರಲ್ಲಿ ಗುರುತಿಸಿದರು. ಒಂದು ವಂಶವಾಹಿಯ ಮುಂದೆ ಡಿಎನ್‌ಎಯ ಪುಟ್ಟ ತುಣುಕೊಂದು ಹಾರಿ ಬಂದು ಕೂತಿದೆ. ಚಕ್ಕೋತದಲ್ಲಿ, ಮಾದಲದಲ್ಲಿ ಅದಿಲ್ಲ. ಜತೆಗೆ ಚಕ್ಕೋತದ ಹೆಚ್ಚಿನ ಮರಗಳು ತಮ್ಮದೇ ಪರಾಗವನ್ನು ಒಪ್ಪುವುದಿಲ್ಲ. ಜೇನು ಪಕ್ಕದ ಮರದಿಂದ ಪರಾಗ ತರಬೇಕು.

ಇದರ ಅರ್ಥ ಇಷ್ಟು: ಬೀಜದಿಂದ ಎದ್ದ ಪ್ರತಿ ಚಕ್ಕೋತದ ಮರವೂ ಹಿಂದೆ ಎಲ್ಲಿಯೂ ಇರದಿದ್ದ, ಮುಂದೆ ಎಲ್ಲಿಯೂ ಮರುಕಳಿಸದ ಒಂದು ಹೊಸ ಬೆರಕೆ. ಅದರಲ್ಲಿ ಕೆಲವು ಕಹಿ, ಕೆಲವು ಒಣ ತೊಳೆಯವು, ಕೆಲವು ಮಾತ್ರ ನಾಲಿಗೆ ನೆನಪಿಡುವಂಥವು. ದೇವನಹಳ್ಳಿಯ ಹಿರಿಯರು ತಲೆಮಾರುಗಳ ಕಾಲ ತಿಂದು ನೋಡಿ, ಚೆನ್ನಾದವುಗಳಿಗೆ ಗೂಟಿ ಕಟ್ಟಿ, ಅಂದರೆ ಟೊಂಗೆಯಲ್ಲೇ ಬೇರು ಬರಿಸಿ, ಹಂಚಿದ್ದರಿಂದಲೇ ‘ದೇವನಹಳ್ಳಿ ಚಕ್ಕೋತ’ ಎಂಬುದೊಂದು ಉಳಿದಿದೆ. ಗೂಟಿಯ ಗಿಡ ತಾಯಿ ಮರದ ತದ್ರೂಪಾದ್ದರಿಂದ ನೂರು ಗಿಡ ನೆಟ್ಟರೂ ವಂಶದ ಲೆಕ್ಕದಲ್ಲಿ ಅದು ಒಂದೇ ಮರ. ಹಿತ್ತಿಲಲ್ಲಿ ಬೀಜದಿಂದ ಬೆಳೆದು ನಿಂತ ಹಳೆಯ ಮರಗಳು ಒಂದೊಂದೂ ಬೇರೆ. ಆ ವೈವಿಧ್ಯ ಇರುವುದು ಅವುಗಳಲ್ಲೇ, ನರ್ಸರಿಯ ಸಾಲುಗಳಲ್ಲಿ ಅಲ್ಲ. ಜಿಐ ಮಾನ್ಯತೆ ಹೆಸರನ್ನು ಕಾಯುತ್ತದೆ, ಮರವನ್ನು ಕಾಯುವುದಿಲ್ಲ.

ಮರಗಳನ್ನು ಕಾಯುವ ಕೆಲಸಕ್ಕೆ ಬೇಕಾದ ಸಂಸ್ಥೆಗಳು ದೂರವಿಲ್ಲ. 1967ರಲ್ಲಿ ಆರಂಭವಾದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಹೆಸರಘಟ್ಟದಲ್ಲಿದೆ, ದೊಡ್ಡಬಳ್ಳಾಪುರಕ್ಕೂ ನೆಲಮಂಗಲಕ್ಕೂ ಹತ್ತಿರದಲ್ಲಿ. ದೇವನಹಳ್ಳಿ ರಸ್ತೆಯಲ್ಲೇ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಇದೆ. ಮೈಕ್ರೋಸ್ಯಾಟಲೈಟ್ ಎಂಬ ಪುನರಾವರ್ತಿತ ಡಿಎನ್‌ಎ ತುಣುಕುಗಳಿಂದ ಗಿಡದ ಬೆರಳಚ್ಚು ತೆಗೆಯುವುದು ಇಂದು ದುಬಾರಿಯೂ ಅಲ್ಲ, ಹೊಸತೂ ಅಲ್ಲ. ದೇವನಹಳ್ಳಿ, ಹೊಸಕೋಟೆ, ದೊಡ್ಡಬಳ್ಳಾಪುರ, ನೆಲಮಂಗಲ ತಾಲ್ಲೂಕುಗಳಲ್ಲಿ ಉಳಿದಿರುವ ಹಳೆಯ ಚಕ್ಕೋತ ಮರಗಳನ್ನು ಹಳ್ಳಿ ಹಳ್ಳಿಯಾಗಿ ಗುರುತಿಸಿ, ಪ್ರತಿಯೊಂದರ ಎಲೆ ಓದಿಸಿ, ಒಂದೇ ತದ್ರೂಪಿನವು ಎಷ್ಟು, ಬೇರೆ ಬೇರೆ ಎಷ್ಟು ಎಂಬ ಪಟ್ಟಿ ಮಾಡಬೇಕು. ಅಪರೂಪದವುಗಳನ್ನು ಗೂಟಿ ಕಟ್ಟಿ ಸರ್ಕಾರಿ ತೋಟದಲ್ಲಿ ನೆಡಬೇಕು. ರಸ್ತೆ ಬದಿಯ ನರ್ಸರಿಯಲ್ಲಿ ‘ದೇವನಹಳ್ಳಿ ಚಕ್ಕೋತ’ ಎಂದು ಮಾರುವ ಸಸಿ ಅದೇ ಹೌದೋ ಅಲ್ಲವೋ ಎಂದು ರೈತ ಎಂಟು ವರ್ಷ ಕಾದು ಹಣ್ಣು ಬಿಟ್ಟ ಮೇಲೆ ತಿಳಿಯಬೇಕಾಗಿಲ್ಲ, ಬೆರಳಚ್ಚು ದಾಖಲೆ ಇದ್ದರೆ ಎಲೆಯಿಂದಲೇ ಹೇಳಬಹುದು.

ವಂಶಾವಳಿ ಓದುವುದರಿಂದ ತಿನ್ನುವವರಿಗೂ ಒಂದು ಎಚ್ಚರಿಕೆ ಸಿಗುತ್ತದೆ. ಗ್ರೇಪ್‌ಫ್ರೂಟ್ ರಸ ಕೆಲವು ರಕ್ತದೊತ್ತಡದ ಮತ್ತು ಕೊಲೆಸ್ಟರಾಲ್ ಮಾತ್ರೆಗಳ ಪ್ರಮಾಣವನ್ನು ರಕ್ತದಲ್ಲಿ ಅಪಾಯದ ಮಟ್ಟಕ್ಕೆ ಏರಿಸಬಲ್ಲದು ಎಂಬುದು ವೈದ್ಯರಿಗೆ 1990ರ ದಶಕದಿಂದ ಗೊತ್ತು. ಕಾರಣ ಅದರಲ್ಲಿರುವ ಫ್ಯುರಾನೊಕೌಮರಿನ್‌ಗಳು, ಅವು ಔಷಧವನ್ನು ಒಡೆಯುವ ಕರುಳಿನ ಕಿಣ್ವವನ್ನು ತಡೆಯುತ್ತವೆ. ಗ್ರೇಪ್‌ಫ್ರೂಟ್‌ಗೆ ಆ ಗುಣ ಬಂದದ್ದು ಚಕ್ಕೋತದಿಂದ. ಮ್ಯಾಂಡರಿನ್‌ಗಳಲ್ಲಿ ಅವು ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಇಂಥ ಮಾತ್ರೆ ನುಂಗುವವರು ಮ್ಯಾಂಡರಿನ್ ಬಳಗದ ಕಿತ್ತಳೆಗೆ ಹೆದರಬೇಕಿಲ್ಲ, ಚಕ್ಕೋತ ತಿನ್ನುವ ಮುನ್ನ ಮಾತ್ರ ವೈದ್ಯರನ್ನು ಒಂದು ಮಾತು ಕೇಳಬೇಕು. ಉಳಿದವರು ಧಾರಾಳವಾಗಿ ಉಪ್ಪು ಖಾರ ಹಚ್ಚಿ ತಿನ್ನಬಹುದು.

ಮತ್ತೆ ನೆಲದ ಮಾತಿಗೆ ಬರೋಣ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ಜಮೀನು ಉಳಿಸಿಕೊಳ್ಳಲು ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತರು. 2025ರ ಜುಲೈ 15ರಂದು ಸರ್ಕಾರ ಆ ಜಮೀನಿನ ಸ್ವಾಧೀನವನ್ನು ಕೈಬಿಟ್ಟಿತು. ನೆಲ ಉಳಿದರೆ ಮರಕ್ಕೂ ಅವಕಾಶ ಉಂಟು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಡ. ಆದರೆ ಜಮೀನು ಮಾರಲೇಬೇಕಾದ ಮನೆಗಳೂ ಇರುತ್ತವೆ, ಮನೆ ದೊಡ್ಡದು ಮಾಡಲು ಹಿತ್ತಿಲ ಮರ ತೆಗೆಯಬೇಕಾದವರೂ ಇರುತ್ತಾರೆ. ಅವರಲ್ಲಿ ನನ್ನದೊಂದು ಕೋರಿಕೆ. ನಿಮ್ಮಲ್ಲಿ ಬೀಜದಿಂದ ಬೆಳೆದ, ಅಜ್ಜಿಯ ಕಾಲದ ಚಕ್ಕೋತದ ಮರವಿದ್ದರೆ ಕೊಡಲಿ ಹಾಕುವ ಮುನ್ನ ತಾಲ್ಲೂಕಿನ ತೋಟಗಾರಿಕೆ ಇಲಾಖೆಗೋ ಹೆಸರಘಟ್ಟದ ಸಂಸ್ಥೆಗೋ ಒಂದು ಮಾತು ತಿಳಿಸಿ. ಹಣ್ಣಿನ ಬಣ್ಣ, ರುಚಿ, ಮರ ಯಾರು ನೆಟ್ಟದ್ದು ಎಂಬುದನ್ನು ಬರೆದಿಡಿ. ಅಷ್ಟೂ ಆಗದಿದ್ದರೆ ಮಳೆಗಾಲದಲ್ಲಿ ಪೆನ್ಸಿಲ್ ದಪ್ಪದ ನಾಲ್ಕು ಟೊಂಗೆಗಳಿಗೆ ಗೂಟಿ ಕಟ್ಟಿಸಿ ನೆಂಟರ ತೋಟಕ್ಕೆ ಕೊಡಿ. ಬೇರು ಬರಲು ಸುಮಾರು ಎರಡು ತಿಂಗಳು ಸಾಕು.